ಪೈಪಿಗೆ ಕಾಲು ಕೊಟ್ಟ ಓಬಳೇಶಪ್ಪ

ಕೊಳೆ ನೀರು ಹೋಗುವ ಪೈಪಿಗೆ ಕಾಲು ಯಾಕೆ, ನೆಲದ ಮೇಲೆ ಎಳೆದು ಬಿಟ್ಟರೆ ತಾನಾಗಿ ಹೋಗುವುದಿಲ್ಲವೇ ಎಂದು ಕೇಳುವವರು ಈಗಲೂ ಸಿಗುತ್ತಾರೆ. ಹಾಗೆ ಮೊದಲು ಕೇಳಿದವನು ನಾನೇ. ಹಿಂದೂಪುರದಿಂದ ಊರೂರಿಗೆ ಹೋಗಿ ಕಣ್ಣಿನ ಆಪರೇಷನ್ ಮಾಡುತ್ತಿದ್ದ ಬಸ್ಸಿಗೆ ನಾನು ಡ್ರೈವರು. ನಮ್ಮದು ಬೆಲ್ಲ, ಕಡಲೆಕಾಯಿ ವ್ಯಾಪಾರದ ಮನೆ. ಗಲ್ಲಾಪೆಟ್ಟಿಗೆ ಮುಂದೆ ಕೂತು ಗಿರಾಕಿಗಳಿಗೆ ಹಲ್ಲು ಕಿರಿಯುವುದು ನನ್ನಿಂದಾಗಲಿಲ್ಲ, ಸ್ಟೇರಿಂಗ್ ಹಿಡಿದೆ. ಮರುಳಪ್ಪ ಎಂಬ ಹೆಸರಿಗೆ ತಕ್ಕ ಮರುಳ ಎಂದು ನಮ್ಮಪ್ಪ ಕೊನೆಯವರೆಗೂ ಅಂದರು. ಅನ್ನಲಿ. ಆ ಬಸ್ಸಿನಲ್ಲಿ ಓಬಳೇಶಣ್ಣನ ಜೊತೆ ತಿರುಗಿದ ವರ್ಷಗಳು ನನಗೆ ಸಾಕು. ಈಗ ಅವನಿಲ್ಲ. ಅವನ ವಿಷಯವನ್ನು ಟೀ ಅಂಗಡಿಯಲ್ಲಿ ತಮಾಷೆಗೆ ಹೇಳಿಕೊಂಡು ನಗುವುದನ್ನು ಕೇಳಿ ಕೇಳಿ ನನಗೆ ಮೈ ಉರಿದಿದೆ. ನಗುವವರಿಗೆ ಪೈಪು ಗೊತ್ತು, ಕಾಲು ಎಲ್ಲಿಂದ ಬಂತೆಂಬುದು ಗೊತ್ತಿಲ್ಲ.

ಓಬಳೇಶಪ್ಪ ನೇಕಾರ. ಸೆಟ್ಟೂರಿನ ಕಡೆಯ ಇಲ್ಲದವರ ಮನೆಯ ಹುಡುಗ. ಹಿಂದೂಪುರದ ಕೇಶವಯ್ಯನವರ ಒಬ್ಬಳೇ ಮಗಳು ಬನಶಂಕರಮ್ಮನನ್ನು ಮದುವೆಯಾಗಿ ಆ ಮನೆಗೇ ಬಂದು ಸೇರಿಕೊಂಡ. ಇಲ್ಲರಿಕದ ಅಳಿಯ ಎನ್ನುತ್ತಾರೆ ನಮ್ಮ ಕಡೆ. ಮನೆ ಅವಳದು, ಮಗ್ಗ ಅವಳದು, ಸಾಮಾನೆಲ್ಲ ಅವಳ ಅಪ್ಪನದು, ಇವನು ತಂದದ್ದು ಬರೀ ಎರಡು ಕೈ. ಯಾರೂ ಅವನನ್ನು ಹೀನಾಯ ಮಾಡಲಿಲ್ಲ, ನಿಜ ಹೇಳಬೇಕು. ಆದರೂ ಆ ಮನೆಯ ಒಂದು ಚೊಂಬು ಎತ್ತಿಕೊಳ್ಳುವಾಗಲೂ ಅವನು ಹೆಂಡತಿಯ ಮುಖ ನೋಡಿಯೇ ಎತ್ತಿಕೊಳ್ಳುತ್ತಿದ್ದ. ಒಂದೇ ಒಂದು ಸಲ ನೋಡಲಿಲ್ಲ, ಆ ಒಂದು ಸಲವೇ ಅವನ ಬದುಕನ್ನು ತಿಂದಿತು.

ಎಪ್ಪತ್ತರ ದಶಕದಲ್ಲಿ ಅವರ ಬೀದಿಗೆ ಬೆಳಿಗ್ಗೆ ಹೋದರೆ ಈ ತುದಿಯಿಂದ ಆ ತುದಿಗೆ ಹಾಸು ಎಳೆದಿರುತ್ತಿದ್ದರು. ಹಾಸು ಎಂದರೆ ಸೀರೆಯ ಉದ್ದದ ನೂಲು. ಮಗ್ಗಕ್ಕೆ ಏರಿಸುವ ಮೊದಲು ಅದಕ್ಕೆ ಗಂಜಿ ಹಚ್ಚಿ, ದೊಡ್ಡ ಕುಂಚದಿಂದ ತೀಡಿ, ಒಣಗಿಸಬೇಕು. ನೂಲು ನೆಲಕ್ಕೆ ತಾಗುವ ಹಾಗಿಲ್ಲ. ಅದಕ್ಕಾಗಿ ಎರಡೆರಡು ಬಿದಿರನ್ನು ಕತ್ತರಿಯ ಹಾಗೆ ಅಡ್ಡಡ್ಡ ಕಟ್ಟಿ ಸಾಲಾಗಿ ನಿಲ್ಲಿಸಿ, ಮೇಲಿನ ಕವಲಿನಲ್ಲಿ ಹಾಸನ್ನು ಕೂರಿಸುತ್ತಿದ್ದರು. ಕತ್ತರಿಗಾಲು ಎಂದು ಅವುಗಳ ಹೆಸರು. ಹಾಸನ್ನು ಯಾರೂ ದಾಟುತ್ತಿರಲಿಲ್ಲ, ಬಗ್ಗಿ ಅಡಿಯಿಂದ ಹೋಗಬೇಕಿತ್ತು. ನಮ್ಮ ಅಂಗಡಿಯ ಎತ್ತಿನ ಗಾಡಿ ಕೂಡ ಹಿಂದಿನ ಬೀದಿ ಸುತ್ತಿ ಹೋಗುತ್ತಿತ್ತು.

ಕೇಶವಯ್ಯನವರು ಬೀದಿಯ ತುದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಹಾಸಿನ ಉದ್ದಕ್ಕೂ ನೋಡುತ್ತಿದ್ದರು. ಯಾವುದಾದರೂ ಕಾಲು ತುಸು ತಗ್ಗಿದ್ದರೆ ಅದರ ಅಡಿಗೆ ಹೆಂಚಿನ ಚೂರು ಇಡಿಸುತ್ತಿದ್ದರು. ಮಟ್ಟ ತಪ್ಪಿದರೆ ಗಂಜಿ ಹರಿದು ತಗ್ಗಿಗೆ ಸೇರುತ್ತದೆ, ಅಲ್ಲಿ ನೂಲು ಮರಗಟ್ಟಿ ಕಡಿದುಹೋಗುತ್ತದೆ. ಹಚ್ಚಿದ್ದು ಹಚ್ಚಿದ ಕಡೆಯೇ ನಿಲ್ಲಬೇಕು, ಹರಿಯಬಾರದು. ಇದನ್ನು ಓಬಳೇಶಪ್ಪ ಮಾವನಿಂದ ಕಲಿತ, ಕಲಿತದ್ದು ಅವನ ಕೈಯಿಂದ ಎಂದೂ ಬಿಟ್ಟುಹೋಗಲಿಲ್ಲ. ಕತ್ತರಿಗಾಲುಗಳ ನಡುವಿನ ಗಂಟನ್ನು ಕೇಶವಯ್ಯನವರು ತಾವೇ ಹಾಕುತ್ತಿದ್ದರು, ನೂಲು ಹೊಸೆದು, ಗಂಜಿಯಲ್ಲಿ ಅದ್ದಿ, ಸುತ್ತಿ ಸುತ್ತಿ ಬಿಗಿದು. ಅವರು ಸತ್ತು ಎಷ್ಟೋ ವರ್ಷವಾದರೂ ಆ ಗಂಟುಗಳು ಸಡಿಲಲಿಲ್ಲ.

ಆಮೇಲೆ ಪವರ್‌ಲೂಮು ಬಂತು. ಅದರ ಸದ್ದಿನಲ್ಲಿ ಬೀದಿಯ ಕೈಮಗ್ಗಗಳು ಒಂದೊಂದಾಗಿ ಬಾಯಿ ಮುಚ್ಚಿಕೊಂಡವು. ಅದೇ ಹೊತ್ತಿಗೆ ಬನಶಂಕರಕ್ಕನ ಕಣ್ಣಿಗೆ ಪೊರೆ ಬಂತು. ನನಗೆ ಆಕೆ ಅಕ್ಕ, ಮೊದಲ ದಿನದಿಂದ ಹಾಗೇ ಕರೆದೆ. ಆಕೆಗೆ ಕಡಿದ ಎಳೆ ಕಾಣದು, ಬಣ್ಣ ಗೊತ್ತಾಗದು. ಓಬಳೇಶಪ್ಪ ಕಣ್ಣಿನ ಬಸ್ಸಿಗೆ ಅಟೆಂಡರ್ ಆಗಿ ಸೇರಿದ್ದು ಹೊಟ್ಟೆಪಾಡಿಗೆ ಮಾತ್ರವಲ್ಲ. ಬಸ್ಸಿನಲ್ಲಿ ಇದ್ದರೆ ಡಾಕ್ಟರಿಗೆ ಹೇಳಿ ಅವಳ ಕಣ್ಣು ಮಾಡಿಸಬಹುದು ಎಂಬುದು ಅವನ ಆಸೆ. ಅಕ್ಕನೂ ಒಪ್ಪಿದ್ದಳು. ಕಲ್ಯಾಣದುರ್ಗದ ಕ್ಯಾಂಪು ಮುಗಿಸಿಕೊಂಡು ಬಸ್ಸು ಹಿಂದೂಪುರಕ್ಕೆ ಬರುತ್ತದೆ, ಆಗ ಆಪರೇಷನ್ ಎಂದು ಮಾತಾಗಿತ್ತು. ಕಣ್ಣು ಬಂದ ಮೇಲೆ ತನ್ನ ಕೈಯಾರೆ ಒಂದು ಹಾಸು ಹಾಕಿ ಮನೆದೇವರು ಚೌಡಮ್ಮನಿಗೆ ಒಂದು ಸೀರೆ ನೇಯುತ್ತೇನೆ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಳು. ಅವಳಿಗೆ ಕಣ್ಣು ಬೇಕಿದ್ದದ್ದೇ ಆ ಹಾಸಿಗಾಗಿ. ಓಬಳೇಶಪ್ಪ ಹೂಂಗುಟ್ಟುತ್ತಿದ್ದ. ಮನಸ್ಸಿನಲ್ಲಿ ಅವನು ಆ ಮಗ್ಗಕ್ಕೆ ಎಂದೋ ಎಳ್ಳುನೀರು ಬಿಟ್ಟಿದ್ದ.

ಬಸ್ಸಿನ ವಿಷಯ ಹೇಳಬೇಕು. ಯಾವುದೋ ದೇಶದವರು ಒಂದು ಟ್ರಸ್ಟಿಗೆ ದಾನ ಕೊಟ್ಟ ಹಳೇ ಬಸ್ಸು. ಒಳಗೆ ಆಪರೇಷನ್ ಮೇಜು, ಡಾಕ್ಟರು ಕೈ ತೊಳೆಯುವ ಸಿಂಕು, ಮೂಲೆಯಲ್ಲಿ ಒಂದು ಪಾಯಿಖಾನೆ. ಪಾಯಿಖಾನೆ ಹೊತ್ತುಕೊಂಡು ತಿರುಗುವ ಬಸ್ಸು ಎಂದು ಜನ ಸುತ್ತ ಬಂದು ನೋಡುತ್ತಿದ್ದರು. ಎಲ್ಲ ಕೊಳೆ ನೀರೂ ಬಸ್ಸಿನ ಹೊಟ್ಟೆಯಿಂದ ಒಂದು ದಪ್ಪ ಮೆತ್ತನೆ ಪೈಪಿನಲ್ಲಿ ಹೊರಗೆ ಬರಬೇಕು. ಕ್ಯಾಂಪು ಹಾಕಿದ ಕಡೆ ದೂರದಲ್ಲಿ ಗುಂಡಿ ತೋಡಿ ಪೈಪಿನ ಬಾಯಿ ಅದಕ್ಕೆ ಬಿಡುವುದು ಓಬಳೇಶಣ್ಣನ ಕೆಲಸ.

ಕಲ್ಯಾಣದುರ್ಗದಲ್ಲಿ ಬಸ್ಸು ನಿಂತದ್ದು ಒಂದು ಶಾಲೆಯ ಅಂಗಳದಲ್ಲಿ. ಬೆಳುಗುಪ್ಪದಿಂದ, ಸೆಟ್ಟೂರಿನಿಂದ, ಇನ್ನೂ ಆಚೆಯಿಂದ ಗಾಡಿ ಕಟ್ಟಿಕೊಂಡು ಮುದುಕರು ಮುದುಕಿಯರು ಬಂದಿದ್ದರು. ಅಂಗಳ ಹೆಸರಿಗೆ ಅಂಗಳ, ಎಲ್ಲಾ ಉಬ್ಬು ತಗ್ಗು. ನೆಲದ ಮೇಲೆ ಹಾಕಿದ ಪೈಪು ಉಬ್ಬಿಗೆ ಏರಿ ತಗ್ಗಿಗೆ ಇಳಿದು ಮಲಗಿಕೊಂಡಿತು. ತಗ್ಗಿನಲ್ಲಿ ಕೊಳೆ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಅದು ಹಿಮ್ಮೆಟ್ಟಿ ಬಂದು ಡಾಕ್ಟರು ಕೈ ತೊಳೆಯುವ ಸಿಂಕಿನಲ್ಲಿ ಮೇಲೆದ್ದಿತು. ಡಾಕ್ಟರ್ ಸುಬ್ಬರಾಯಪ್ಪ ಕೋಪಿಷ್ಠರಲ್ಲ. ಕೈಗವಸು ಕಳಚಿಟ್ಟು, ಈ ಹೊಲಸಿನಲ್ಲಿ ಯಾರ ಕಣ್ಣನ್ನೂ ಬಿಚ್ಚುವುದಿಲ್ಲ ಎಂದಷ್ಟೇ ಹೇಳಿ ಇಳಿದುಬಿಟ್ಟರು. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಸಾಲಾಗಿ ಕೂತಿದ್ದ ಜನ ಕೂತೇ ಇದ್ದರು.

ಪೈಪಿನ ಕೆಳಗೆ ಕಲ್ಲು ಕೊಡೋಣ ಎಂದು ನಾನು ಕಲ್ಲು ಹೊತ್ತೆ. ಪೈಪು ಕಲ್ಲಿನಿಂದ ಜಾರಿತು, ಜಾರದ ಕಡೆ ಮಡಿಸಿಕೊಂಡಿತು. ಓಬಳೇಶಣ್ಣ ಸ್ವಲ್ಪ ಹೊತ್ತು ನೋಡಿದ. ಇದಕ್ಕೆ ಕವಲಿರುವ ಕಾಲು ಬೇಕು ಅಂದ. ಪೈಪಿಗೆ ಕಾಲು ಬರಿಸಿ ಆಮೇಲೆ ಚಪ್ಪಲಿ ಹೊಲಿಸುತ್ತೀಯಾ ಎಂದು ನಾನು ನಕ್ಕೆ. ಅವನು ನಗಲಿಲ್ಲ. ಹಿಂದೂಪುರದ ಬಸ್ಸು ಹತ್ತಿ ಹೋದವನು ಮಾರನೆಯ ದಿನ ಮಾವನ ಕತ್ತರಿಗಾಲುಗಳನ್ನು ಹೊರೆ ಕಟ್ಟಿಕೊಂಡು ಬಂದ. ಹೆಂಡತಿಗೆ ಏನು ಹೇಳಿದೆ ಎಂದು ಕೇಳಿದೆ. ಕ್ಯಾಂಪಿಗೆ ಬೇಕು ಅಂದನಂತೆ. ರೋಗಿಗಳ ಬಟ್ಟೆ ಒಣಗಿಸಲು ಎಂದು ಅವಳು ಅಂದುಕೊಂಡಳಂತೆ, ಇವನು ಅಲ್ಲ ಅನ್ನಲಿಲ್ಲವಂತೆ.

ನಿಲ್ಲಿಸಿದ ನೋಡಿ ಆ ಕಾಲುಗಳನ್ನು! ಬಸ್ಸಿನಿಂದ ಗುಂಡಿಯವರೆಗೆ ಸಾಲು ಹಿಡಿದು ನಿಲ್ಲಿಸಿ, ತುದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ತಗ್ಗಿದ್ದ ಕಡೆ ಹೆಂಚಿನ ಚೂರು ಕೊಟ್ಟು, ಪೈಪನ್ನು ಹಾಸಿನ ಹಾಗೆ ಮಟ್ಟಸವಾಗಿ ಎಳೆದ. ನೋಡಲು ಚೆಂದವೋ ಚೆಂದ. ನೀರು ಬಿಟ್ಟರೆ ನೀರು ಅಲ್ಲೇ ನಿಂತಿತು. ಜೀವಮಾನವೆಲ್ಲ ಹಚ್ಚಿದ್ದು ಹರಿಯಬಾರದು ಎಂದು ದುಡಿದ ಕೈ ಅದು, ಹರಿಯಬೇಕಾದ್ದನ್ನೂ ಹಾಗೇ ನಿಲ್ಲಿಸಿಬಿಟ್ಟಿತ್ತು.

ಡಾಕ್ಟರು ಬಂದು ನೋಡಿ, ಬೇಸರದ ನಡುವೆಯೂ ನಕ್ಕರು. "ನೀಳ್ಳಕಿ ವಾಲು ಕಾವಾಲಿ, ಓಬಳೇಶಪ್ಪಾ. ಇದಿ ಪಡುಗು ಕಾದು ಕದಾ," ಅಂದರು. ನೀರಿಗೆ ವಾಲು, ಅಂದರೆ ಇಳಿಜಾರು ಬೇಕು, ಇದು ಹಾಸಲ್ಲವಲ್ಲ ಎಂದು ಆ ತೆಲುಗಿನ ಅರ್ಥ. ಓಬಳೇಶಣ್ಣನ ಮುಖ ಸಣ್ಣದಾಯಿತು. ವಾಲು ಬೇಕೆಂದರೆ ಕಾಲುಗಳು ಒಂದಕ್ಕಿಂತ ಒಂದು ಗಿಡ್ಡ ಇರಬೇಕು. ಗಂಟು ಬಿಚ್ಚಿ ಬಿದಿರನ್ನು ಅಗಲಿಸಿ ಕಟ್ಟಿದರೆ ತಾನೇ ಗಿಡ್ಡವಾಗುತ್ತದೆ ಎಂದೆ ನಾನು. ಅವನು ಒಂದು ಗಂಟನ್ನು ಹೆಬ್ಬೆರಳಿಂದ ಸವರಿದ.

"ಮಾವ ಹಾಕಿದ್ ಗಂಟು ಕಣಪ್ಪ. ಬಿಚ್ಚೋಕೆ ಕೈ ಬರಾಕಿಲ್ಲ," ಅಂದ.

ಶಾಲೆಯ ಬೆಂಚು ರಿಪೇರಿಗೆ ಬಂದಿದ್ದ ಬಡಗಿಯ ಹತ್ತಿರ ಗರಗಸ ಇಸಕೊಂಡ. ಗಂಟು ಉಳಿಸಬೇಕೆಂದು ಕಾಲು ಕತ್ತರಿಸಿದ. ಒಂದೊಂದನ್ನೂ ಹಿಂದಿನದಕ್ಕಿಂತ ಗಿಡ್ಡ ಮಾಡುತ್ತ ಹೋದ, ಗುಂಡಿಯ ಹತ್ತಿರದ್ದು ಮೊಣಕಾಲೆತ್ತರಕ್ಕೆ ಬಂತು. ಇನ್ನು ಇವುಗಳ ಮೇಲೆ ಹಾಸು ಕೂರುವುದಿಲ್ಲವಲ್ಲ ಎಂದು ನಾನು ಕೇಳಿಯೇ ಕೇಳಿದೆ. "ಇನ್ಯಾವ್ ಹಾಸೈತೆ ಮರುಳಪ್ಪ ನಮ್ಮನೇಲಿ," ಅಂದ, ತಲೆ ಎತ್ತದೆ.

ಪೈಪಿಗೆ ಕಾಲು ಬೇಕೇ ಎಂದರೆ ಬೇಕು. ಹೇಳಲು ಸಂಕಟವಾಗುತ್ತದೆ, ಆದರೂ ಬೇಕು. ಅವತ್ತು ನೀರು ಬಿಟ್ಟ ಕೂಡಲೇ ಅದು ಗುಳುಗುಳು ಎಂದು ಓಡಿ ಗುಂಡಿಗೆ ಬಿತ್ತು, ಪೈಪಿನಲ್ಲಿ ಒಂದು ಹನಿ ನಿಲ್ಲಲಿಲ್ಲ. ಕ್ಯಾಂಪು ನಡೆಯಿತು. ಪಟ್ಟಿ ಬಿಚ್ಚಿದ ದಿನ ಬೆಳುಗುಪ್ಪದ ಪೋಲಮ್ಮ ಎಂಬ ಮುದುಕಿ ಮೊದಲು ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡು, ಆಮೇಲೆ ಎದುರಿಗಿದ್ದ ಓಬಳೇಶಣ್ಣನ ಗಲ್ಲ ಸವರಿದಳು. ಅವನು ಅತ್ತ. ನಾಡಿದ್ದು ತನ್ನ ಹೆಂಡತಿಯೂ ಹೀಗೇ ನೋಡುತ್ತಾಳೆ ಎಂದುಕೊಂಡು ಅತ್ತ ಅಳು ಅದು.

ಹಿಂದೂಪುರಕ್ಕೆ ಬಂದಾಗ ಹೊರೆಯ ಇನ್ನೊಂದು ತುದಿ ಹಿಡಿದುಕೊಂಡು ನಾನೂ ಅವರ ಮನೆಗೆ ಹೋದೆ. ಅವನು ಕಾಲುಗಳನ್ನು ಚೆನ್ನಾಗಿ ತೊಳೆದಿದ್ದ, ಬಿಸಿಲಿಗೆ ಹಾಕಿದ್ದ. ಅಕ್ಕ ಪಡಸಾಲೆಯಲ್ಲಿ ಕೂತಿದ್ದಳು. ಮಗಳು ಆದಿಲಕ್ಷ್ಮಿ, ಪಕ್ಕದ ಬೀದಿಗೆ ಕೊಟ್ಟವಳು, ಅಮ್ಮನ ತಲೆ ಬಾಚುತ್ತಿದ್ದಳು. ಅಕ್ಕ ಕೈ ಚಾಚಿ ಒಂದು ಕಾಲನ್ನು ತೆಗೆದುಕೊಂಡಳು. ಗಂಟು ಮುಟ್ಟಿದಾಗ ಮುಖ ಅರಳಿತು. ಬೆರಳು ಬಿದಿರಿನ ಮೇಲೆ ಕೆಳಕ್ಕೆ ಹೋಯಿತು, ಹೋಗಬೇಕಾದಷ್ಟು ದೂರ ಹೋಗದೆ ಗರಗಸದ ಬಾಯಿಗೆ ಸಿಕ್ಕಿ ನಿಂತಿತು. ಇನ್ನೊಂದನ್ನು ತೆಗೆದುಕೊಂಡಳು, ಮತ್ತೊಂದನ್ನು. ಏನಾಯಿತು ಎಂದು ಕೇಳಿದಳು. ಓಬಳೇಶಣ್ಣ ಸುಳ್ಳು ಹೇಳುವವನಲ್ಲ, ಎಲ್ಲ ಹೇಳಿದ. ಪಾಯಿಖಾನೆ ನೀರಿನ ಪೈಪು ಎಂಬುದನ್ನೂ ಹೇಳಿದ.

ಹೊಲಸು ಮುಟ್ಟಿಸಿದ್ದಕ್ಕೆ ಅವಳು ಸಿಟ್ಟಾದಳು ಎಂದು ಊರವರು ಹೇಳುತ್ತಾರೆ. ಅದಲ್ಲ. ನಾನು ಅಲ್ಲೇ ಇದ್ದೆ. ಹೊಲಸಾದರೆ ತೊಳೆಯಬಹುದಿತ್ತು, ಕಾಲು ಕತ್ತರಿಸಿದ್ಯಾಕೆ ಎಂದೇ ಅವಳು ಕೇಳಿದ್ದು. ಮಾವನ ಗಂಟು ಬಿಚ್ಚಲು ಮನಸ್ಸಾಗಲಿಲ್ಲ ಅಂದ ಇವನು.

"ಗಂಟು ಬಿಚ್ಚಿದ್ರೆ ಇನ್ನೊಂದು ಗಂಟು ನಾನಾಕ್ತಿದ್ದೆ," ಅಂದಳು. "ನಿಮಗೆ ಅಪ್ಪನ ಗಂಟು ಬೇಕಾಯ್ತು, ನನ್ನ ಹಾಸು ಬ್ಯಾಡಾಯ್ತು. ಈ ಮನೇಲಿ ಇನ್ನು ನೇಯೋದಿಲ್ಲ ಅಂತ ನೀವೇ ತೀರ್ಮಾನ ಮಾಡ್ಬುಟ್ರಿ. ಕಣ್ಣು ಬಂದ್ರೆ ನಾನೇನ್ ನೋಡ್ಲಿ? ಖಾಲಿ ಮಗ್ಗ ನೋಡ್ಲಾ?"

ಹಿಂದೂಪುರದ ಕ್ಯಾಂಪಿಗೆ ಅವಳು ಬರಲಿಲ್ಲ. ಡಾಕ್ಟರೇ ಮನೆಗೆ ಹೋಗಿ ಹೇಳಿದರು. ಮಗಳು ಕಾಲಿಗೆ ಬಿದ್ದಳು. ಓಬಳೇಶಣ್ಣ ಮೇದರವರಿಂದ ಹೊಸ ಕತ್ತರಿಗಾಲು ಮಾಡಿಸಿ ತಂದು ಮುಂದಿಟ್ಟ, ಅವಳು ಬೆರಳಾಡಿಸಿ ಪಕ್ಕಕ್ಕೆ ಸರಿಸಿದಳು. ಮುಂದಿನ ವರ್ಷ, ಮುಂದಿನ ವರ್ಷ ಎಂದು ಅವಳು ಅನ್ನುತ್ತಿದ್ದಳು, ಬರುವುದಿಲ್ಲ ಎಂದು ಖಂಡಿತವಾಗಿ ಹೇಳಿದ್ದಿಲ್ಲ. ನನಗೆ ಅವಳ ಮೇಲೂ ಕೋಪ ಬರುತ್ತಿತ್ತು, ಅವನ ಮೇಲೂ ಬರುತ್ತಿತ್ತು. ಅವನು ಬೇರೆಯವರ ಕಣ್ಣಿಗಾಗಿ ಮಾಡಿದ್ದು. ಅವಳಿಗೆ ಉಳಿದಿದ್ದ ಒಂದೇ ಆಸೆಯನ್ನು ಅವನು ಕೇಳದೆ ಕೊಯ್ದಿದ್ದ. ಯಾರ ಕಡೆ ಮಾತಾಡುವುದು?

ಪೊರೆ ಕಾಯುವುದಿಲ್ಲ. ಅದು ಮಾಗಿ, ಊದಿ, ಒಂದು ಬೇಸಿಗೆಯಲ್ಲಿ ಬಲಗಣ್ಣಿಗೆ ತಡೆಯಲಾರದ ನೋವು ಬಂತು. ಆಸ್ಪತ್ರೆಗೆ ಒಯ್ದಾಗ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಟಾರ್ಚು ಆರಿಸಿ ಕೆಳಗಿಟ್ಟರು. ಒಳಗೆ ಒತ್ತಡ ಏರಿ ನರವೇ ಸತ್ತಿತ್ತು. ಇನ್ನೊಂದು ಕಣ್ಣಿಗೆ ಆಗ ಅವಳೇ ಒಪ್ಪಿ ಆಪರೇಷನ್ ಮಾಡಿಸಿಕೊಂಡಳು, ಅದರ ನರವೂ ಮುಕ್ಕಾಲು ಹೋಗಿತ್ತು. ಕೆಲವು ತಿಂಗಳು ಬಾಗಿಲ ಬೆಳಕು ಮಂಜಾಗಿ ತೋರಿ, ಅದೂ ಆರಿತು. ಊರೂರಿನವರಿಗೆ ಕಣ್ಣು ಕೊಟ್ಟ ಬಸ್ಸಿನ ಅಟೆಂಡರ್ ಮನೆಯಲ್ಲಿ ಹೆಂಡತಿ ಕುರುಡಿಯಾದಳು. ಓಬಳೇಶಣ್ಣ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಎದೆ ಬಡಿದುಕೊಂಡು ಅಳುವುದನ್ನು ನಾನು ಕನ್ನಡಿಯಲ್ಲಿ ನೋಡಿದ್ದೇನೆ. ನಾನು ಗಾಡಿ ಓಡಿಸಿದೆ.

ತೊಂಬತ್ತರ ಹೊತ್ತಿಗೆ ಬಸ್ಸು ಕೆಟ್ಟಿತು, ಆ ದೇಶದ ಬಿಡಿಭಾಗ ಇಲ್ಲಿ ಸಿಗದೆ ಷೆಡ್ಡಿನಲ್ಲೇ ನಿಂತಿತು. ಅಲ್ಲಿಯವರೆಗೂ ಪೈಪಿನ ನೀರು, ಮನೆಯಿಂದ ಬಸ್ಸಿಗೇ ವಾಪಸ್ಸಾಗಿದ್ದ ಆ ಕಾಲುಗಳ ಮೇಲೆಯೇ ಹರಿಯಿತು. ಬಸ್ಸಿನಿಂದ ಇಳಿಯುವಾಗ ಓಬಳೇಶಣ್ಣ ಕೇಳಿದ್ದು ಅವುಗಳನ್ನು ಮಾತ್ರ. ಮನೆಗೆ ತಂದು, ಹಿತ್ತಲ ಬಾಗಿಲಿನಿಂದ ಬಚ್ಚಲ ಕಲ್ಲಿನವರೆಗೆ ಸಾಲಾಗಿ ನೆಟ್ಟ. ಎತ್ತರದ್ದು ಬಾಗಿಲ ಹತ್ತಿರ, ಗಿಡ್ಡದ್ದು ಬಚ್ಚಲ ಕಲ್ಲಿನ ಹತ್ತಿರ. ಮೇಲಿನ ಕವಲುಗಳಲ್ಲಿ ಹತ್ತಿಯ ನೂಲನ್ನು ಹುರಿ ಮಾಡಿ ಎಳೆದು ಕಟ್ಟಿದ. ಯಾರ ಕೈಯನ್ನೂ ಹಿಡಿಯದೆ ಅವಳು ಸ್ನಾನಕ್ಕೆ ಹೋಗಿ ಬರಲಿ ಎಂದು. ಹುರಿ ಇಳಿಯುತ್ತ ಹೋದಷ್ಟೂ ಕಲ್ಲು ಹತ್ತಿರವಾಯಿತೆಂದು ಕೈಗೇ ತಿಳಿಯುತ್ತದೆ, ಎಡವುವುದಿಲ್ಲ ಎಂದು ನನಗೆ ವಿವರಿಸಿದ. ಮಟ್ಟ ಬೇಡ, ವಾಲು ಬೇಕು ಎಂಬುದನ್ನು ಅವನು ಅಂತೂ ಕಲಿತಿದ್ದ. ಇವು ಯಾವ ಕಾಲುಗಳೆಂದು ಅವಳಿಗೆ ಹೇಳಿರಲಿಲ್ಲ.

ಹೇಳುವ ಅಗತ್ಯವೇನಿತ್ತು? ನಾನು ಒಂದು ಭಾನುವಾರ ಅಲ್ಲಿ ಕೂತು ನೋಡಿದೆ. ಅಕ್ಕ ಹುರಿ ಹಿಡಿದು ನಡೆಯುತ್ತಿದ್ದಳು, ಪ್ರತಿ ಕಾಲಿನ ಹತ್ತಿರ ಕೈ ಕೆಳಗೆ ಬಿಟ್ಟು ಗಂಟನ್ನು ಹೆಬ್ಬೆರಳಿಂದ ಒಮ್ಮೆ ಸವರಿ ಮುಂದಕ್ಕೆ ಹೋಗುತ್ತಿದ್ದಳು. ಓಬಳೇಶಣ್ಣ ಹಿತ್ತಲ ಜಗಲಿಯಿಂದ ಅದನ್ನು ನೋಡುತ್ತ ಕೂತಿದ್ದ. ಅವಳೂ ಮಾತೆತ್ತಲಿಲ್ಲ, ಅವನೂ ಎತ್ತಲಿಲ್ಲ. ಅನ್ನ ಸಾರು ಮಳೆ ಬಿಸಿಲು ಎಲ್ಲ ಮಾತಾಡಿಕೊಳ್ಳುತ್ತಿದ್ದರು, ಅದೊಂದು ಬಿಟ್ಟು. ಹುರಿ ಸವೆದಾಗ ಅವನು ಹೊಸದು ಕಟ್ಟುತ್ತಿದ್ದ. ಹೀಗೇ ವರ್ಷಗಳು ಹೋದವು.

ಅವನು ಸತ್ತದ್ದು ಬೆಳಗಿನ ಹೊತ್ತು, ಕಾಫಿ ಲೋಟ ಕೈಯಲ್ಲಿದ್ದಂತೆ, ಎದೆ ಹಿಡಿದುಕೊಂಡು. ನಾನು ಹೋಗುವಷ್ಟರಲ್ಲಿ ಬೀದಿಯ ಗಂಡಸರು ಅವನನ್ನು ಸ್ನಾನಕ್ಕೆಂದು ಹಿತ್ತಲಿಗೆ ಒಯ್ದು ಬಚ್ಚಲ ಕಲ್ಲಿನ ಮೇಲೆ ಮಲಗಿಸಿದ್ದರು. ಓಡಾಡಲು ಜಾಗ ಸಾಲದೆ ಪಕ್ಕದ ಮನೆಯ ನರಸಿಂಹಪ್ಪ ಹುರಿ ಬಿಚ್ಚಿ, ಈ ಬಿದಿರು ಕಿತ್ತು ಅತ್ತ ಹಾಕ್ರಪ್ಪ ಅಂದ. ಯಾರೋ ಒಂದನ್ನು ಅಲ್ಲಾಡಿಸಿದರು. ಒಳಗೆ ಹೆಂಗಸರ ನಡುವೆ ಕೂತಿದ್ದ ಅಕ್ಕನಿಗೆ ಅದು ಹೇಗೆ ಕೇಳಿತೋ, ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಕೀಳ್ಬ್ಯಾಡಿ," ಅಂದಳು. "ಅವಿಲ್ದಿದ್ರೆ ನಾನು ಅವ್ರತ್ರ ಹೆಂಗೆ ಹೋಗ್ಲಿ?"

ಎಲ್ಲರೂ ಕೈ ಬಿಟ್ಟು ನಿಂತರು. ನಾನು ಹುರಿಯನ್ನು ಮತ್ತೆ ಕವಲುಗಳಲ್ಲಿ ಕೂರಿಸಿ ಬಿಗಿದು ಕಟ್ಟಿದೆ. ನನ್ನ ಉಸಿರಿನಿಂದಲೇ ಗುರುತು ಹಿಡಿದಳೇನೋ, ಮರುಳಪ್ಪನಾ ಎಂದು ಕೇಳಿದಳು. ಹೌದಕ್ಕ ಅಂದೆ.

"ಅವತ್ತು ಕಲ್ಯಾಣದುರ್ಗದಾಗೆ ನೀರು ನಿಲ್ದೆ ಹೋಯ್ತಾ?"

"ಹೋಯ್ತಕ್ಕ. ಒಂದು ಹನೀನೂ ನಿಲ್ಲಲಿಲ್ಲ. ಎಲ್ಲಾರ್ಗೂ ಕಣ್ಣು ಬಂತು."

ಅವಳು ತಲೆ ಆಡಿಸಿದಳು. "ಒಳ್ಳೇದ್ ಮಾಡಿದ್ರಿ ಅಂತ ಅವ್ರಿಗೆ ಒಂದ್ ಮಾತು ಹೇಳ್ಬೇಕಾಗಿತ್ತು ಕಣಪ್ಪ. ನಾಳೆ ಹೇಳಾನ, ನಾಳೆ ಹೇಳಾನ ಅಂತ ಇದ್ಬುಟ್ಟೆ," ಅಂದಳು.

ಮಗಳು ಕೈ ಹಿಡಿಯಲು ಬಂದಳು, ಬೇಡ ಅಂದಳು. ಹುರಿ ಹಿಡಿದು ನಡೆದಳು. ಒಂದೊಂದು ಗಂಟಿನ ಹತ್ತಿರವೂ ಹೆಬ್ಬೆರಳು ನಿಂತು ನಿಂತು ಮುಂದಕ್ಕೆ ಹೋಯಿತು. ಹುರಿಯ ಜೊತೆಗೆ ಅವಳ ಕೈ ಇಳಿಯಿತು, ಭುಜ ಬಾಗಿತು. ಕೊನೆಯ ಕಾಲಿಗೆ ಬಂದಾಗ ಕೈ ಮೊಣಕಾಲಿನ ಮಟ್ಟಕ್ಕೆ ಇಳಿದಿತ್ತು. ಅಲ್ಲಿ ಹುರಿ ಬಿಟ್ಟು, ತಡಕಾಡದೆ, ನೇರವಾಗಿ ಅವನ ಪಾದ ಮುಟ್ಟಿದಳು.